ಬುತ್ತಿಯ ಡಬ್ಬಿ

ನಮ್ಮ ಹಳೆಯ ಶಾಸನಗಳನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅರಸನ ಬಿರುದುಗಳಿಗೆ ಹತ್ತಾರು ಸಾಲುಗಳು ಮೀಸಲು. ಕಲ್ಲನ್ನು ಕಂಡರಿಸಿದ ರೂವಾರಿಗೆ ಕೊನೆಯಲ್ಲಿ ಒಂದು ಸಾಲು, ಎಷ್ಟೋ ಕಡೆ ಅದೂ ಇಲ್ಲ. ಆಟದ ಚರಿತ್ರೆಯೂ ಇದಕ್ಕೆ ಹೊರತಲ್ಲ. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ 33 ಕ್ರೀಡಾಋತುಗಳ ಕಾಲ ಸಹಾಯಕ ತರಬೇತುದಾರರಾಗಿಯೇ ದುಡಿದ ಬಡ್ ಫಾಸ್ಟರ್ ಅವರ ವೃತ್ತಾಂತ ಅಂಥ ಒಬ್ಬ ರೂವಾರಿಯದು.

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಣದಲ್ಲಿ ಪಕ್ಷಕ್ಕೆ 11 ಮಂದಿ. ಮುನ್ನುಗ್ಗುವ ಪಡೆಯೇ ಬೇರೆ, ತಡೆಯುವ ಪಡೆಯೇ ಬೇರೆ. ಒಂದೊಂದಕ್ಕೂ ಪ್ರತ್ಯೇಕ ಗುರು. ಇವರೆಲ್ಲರ ಮೇಲೆ ಮುಖ್ಯ ತರಬೇತುದಾರ. ಗೆಲುವು ಸೋಲುಗಳು ದಾಖಲಾಗುವುದು ಅವನ ಹೆಸರಿನಲ್ಲಿ ಮಾತ್ರ.

ಕೆಂಟಕಿಯಲ್ಲಿ ಹುಟ್ಟಿದ ಫಾಸ್ಟರ್ ಅಲ್ಲಿಯ ಮರ್ರೆ ಸ್ಟೇಟ್ ವಿಶ್ವವಿದ್ಯಾನಿಲಯದ ಆಟಗಾರರಾಗಿದ್ದರು. ಅಲ್ಲಿ ಅವರ ಗುರುವಾಗಿದ್ದ ಫ್ರಾಂಕ್ ಬೀಮರ್ 1987ರಲ್ಲಿ ವರ್ಜೀನಿಯಾ ಟೆಕ್‌ನ ಮುಖ್ಯ ತರಬೇತುದಾರರಾಗಿ ಹೋದಾಗ ಶಿಷ್ಯರೂ ಜೊತೆಗೆ ನಡೆದರು. ಬ್ಲಾಕ್ಸ್‌ಬರ್ಗ್ ಎಂಬ ಬೆಟ್ಟಸೀಮೆಯ ಊರು ಅದು. ಮೊದಲ ವರ್ಷ ಎರಡು ಗೆಲುವು, ಒಂಬತ್ತು ಸೋಲು. 1992ರಲ್ಲಿಯೂ ಗೆದ್ದದ್ದು ಎರಡೇ. 1995ರಲ್ಲಿ ತಡೆಯುವ ಪಡೆಯ ಹೊಣೆ ಫಾಸ್ಟರ್ ಮತ್ತು ರಾಡ್ ಶಾರ್ಪ್‌ಲೆಸ್ ಅವರಿಗೆ ಜಂಟಿಯಾಗಿ ಬಂತು. ಆ ವರ್ಷ ಮೊದಲೆರಡು ಆಟಗಳಲ್ಲಿ ಸೋತ ತಂಡ ಮುಂದಿನ ಹತ್ತನ್ನೂ ಗೆದ್ದಿತು.

ಗಣಿ ಕೆಲಸಗಾರನೊಬ್ಬನ ಹಳೆಯ ಬುತ್ತಿಯ ಡಬ್ಬಿ ತಂಡಕ್ಕೆ ಬಂದದ್ದು ಅದೇ ವರ್ಷ. ಕಲ್ಲಿದ್ದಲಿನ ಗಣಿಗಳ ಆ ಸೀಮೆಯಲ್ಲಿ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ: ದುಡಿದವನಿಗೆ ಅನ್ನ. ತಮ್ಮ ಗುರಿಗಳನ್ನು ಬರೆದು, ಸಹಿ ಹಾಕಿ, ಆಟಗಾರರು ಅದರೊಳಗೆ ಇಡುತ್ತಿದ್ದರು. ಚೆನ್ನಾಗಿ ಆಡಿದವನಿಗೆ ಅದನ್ನು ಹೊರುವ ಗೌರವ. 2007ರ ಏಪ್ರಿಲ್ 16ರಂದು ಆ ವಿಶ್ವವಿದ್ಯಾನಿಲಯದಲ್ಲಿ ಬಂದೂಕುಧಾರಿಯೊಬ್ಬ 32 ಮಂದಿಯನ್ನು ಕೊಂದ. ಆ ವರ್ಷದ ಆಟಗಳಿಗೆ ಬುತ್ತಿಯ ಡಬ್ಬಿ ಆ 32 ಹೆಸರುಗಳನ್ನು ಹೊತ್ತು ಬಂತು. ತಗಡಿನ ಡಬ್ಬಿಗೆ ಅದಕ್ಕಿಂತ ಭಾರವಾದ ಬುತ್ತಿ ಇನ್ನಾವುದು?

ಸಹಾಯಕರಿಗೆಂದೇ ಇರುವ ಬ್ರಾಯ್ಲ್ಸ್ ಪ್ರಶಸ್ತಿ 2006ರಲ್ಲಿ ಫಾಸ್ಟರ್ ಅವರಿಗೆ ಸಂದಿತು. ಆದರೆ ಆ ಪ್ರಶಸ್ತಿಯ ಹೆಸರು ಕೂಡ ಫ್ರಾಂಕ್ ಬ್ರಾಯ್ಲ್ಸ್ ಎಂಬ ಮುಖ್ಯ ತರಬೇತುದಾರರದೇ! ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರ ಬೀಮರ್ ಅವರನ್ನು 2018ರಲ್ಲಿ ಬರಮಾಡಿಕೊಂಡಿತು. ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆಯೂ ನಿಂತಿತು. ಎರಡೂ ಯೋಗ್ಯವೇ. ಆದರೆ ಆ ಮಂದಿರವನ್ನು ಸೇರಲು ತರಬೇತುದಾರನಾದವನು ಕನಿಷ್ಠ 10 ವರ್ಷ ಮುಖ್ಯಸ್ಥನಾಗಿರಬೇಕೆಂಬುದು ನಿಯಮ. ಆ ಲೆಕ್ಕದಲ್ಲಿ ಫಾಸ್ಟರ್ ಅವರ 33 ಋತುಗಳ ಬೆಲೆ ಸೊನ್ನೆ.

ಇದನ್ನು ತ್ಯಾಗದ ಕಥೆಯಾಗಿಸುವುದು ಬೇಡ. ಅವರ ಸಂಬಳ ಪ್ರಾಧ್ಯಾಪಕರ ಸಂಬಳವನ್ನು ಎಷ್ಟೋ ಮೀರಿತ್ತು. ಆದರೂ ಸಂಬಳ ಬೇರೆ, ಪಟ್ಟ ಬೇರೆ. 2015ರಲ್ಲಿ ಬೀಮರ್ ನಿವೃತ್ತರಾದಾಗ ಪಟ್ಟ ಹೊರಗಿನಿಂದ ಬಂದ ಜಸ್ಟಿನ್ ಫ್ಯುವೆಂಟೆ ಅವರಿಗೆ ಹೋಯಿತು. ತಮಗಿಂತ ಕಿರಿಯರಾದ ಅವರ ಕೈಕೆಳಗೂ ಫಾಸ್ಟರ್ ದುಡಿದರು.

2019ರ ಆಗಸ್ಟ್‌ನಲ್ಲಿ, ಆ ಋತುವಿನ ಕೊನೆಗೆ ನಿವೃತ್ತನಾಗುವೆನೆಂದು ಅವರು ತಿಳಿಸಿದರು. ನವೆಂಬರ್ 23ರಂದು ತವರಿನ ಕ್ರೀಡಾಂಗಣದಲ್ಲಿ ಅವರ ಕೊನೆಯ ಆಟ. ಎದುರಾಳಿ ಪಿಟ್ಸ್‌ಬರ್ಗ್, ಫಲಿತಾಂಶ 28-0. ಅನಂತರದ ಎರಡು ಆಟಗಳಲ್ಲಿ ಸೋಲಾಯಿತು. ಕಟ್ಟಕಡೆಯದು, ಡಿಸೆಂಬರ್ 31ರಂದು, ಅವರು ಹುಟ್ಟಿದ ನಾಡಿನ ಕೆಂಟಕಿ ತಂಡದ ಎದುರಿಗೇ. ಚರಿತ್ರೆ ಕಾವ್ಯದಂತೆ ಮುಗಿಯುವುದಿಲ್ಲ.

ಆದರೂ ನವೆಂಬರಿನ ಆ ಸಂಜೆಯನ್ನು ನೆನೆಯಬೇಕು. 28 ಅಂಕಗಳನ್ನು ಗಳಿಸಿದವರು ಯಾರೆಂದು ಪತ್ರಿಕೆಗಳು ಬರೆಯುತ್ತವೆ. ಎದುರಾಳಿಯ ಹೆಸರಿನ ಮುಂದೆ ನಿಂತ ಆ ಸೊನ್ನೆ ಮಾತ್ರ ತಡೆದು ನಿಂತವರ ಗಳಿಕೆ. ಕಲ್ಲಿನ ಅಂಚಿನಲ್ಲಿ ರೂವಾರಿ ಕೆತ್ತಿಹೋದ ಹೆಸರು ಅದೇ ಎಂದು ನಾನು ಓದಿಕೊಳ್ಳುತ್ತೇನೆ.