ಕಥನದಲ್ಲಿ ವಚನಕಾರರು

ಅಮೀನಗಡ ಸೀಮೆಗೆ ಸಮೀಪದ ಕೂಡಲಸಂಗಮವು ಬಸವಣ್ಣನವರ ವಚನಾಂಕಿತಕ್ಕೆ ನೆಲೆಯಾದ ಪುಣ್ಯಕ್ಷೇತ್ರ. ವಚನಕಾರರನ್ನೇ ನಾಯಕರನ್ನಾಗಿಸಿ ಕಥೆ ಹೇಳಿದ ಕನ್ನಡ ಕವಿಗಳಲ್ಲಿ ಹಂಪೆಯ ಹರಿಹರನು ಅಗ್ರಗಣ್ಯನು. ಬಸವಣ್ಣನವರು ಜನಿವಾರವನ್ನು ತೊರೆದು ಕಪ್ಪಡಿಸಂಗಮಕ್ಕೆ ಬಂದುದು, ಸಂಗಮನಾಥನು ಕನಸಿನಲ್ಲಿ ಮಂಗಳವಾಡಕ್ಕೆ ತೆರಳೆಂದು ಅಪ್ಪಣೆಯಿತ್ತಾಗ ಅಗಲಲಾರದೆ ಮರುಗಿದುದು ಅವನ ‘ಬಸವರಾಜದೇವರ ರಗಳೆ’ಯಲ್ಲಿ ಕಣ್ಣಿಗೆ ಕಟ್ಟುವಂತಿವೆ. ಅಲ್ಲಿ ಭಕ್ತನ ಜೀವನವೇ ಕಥೆಯ ಜೀವಾಳ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ‘ಶೂನ್ಯಸಂಪಾದನೆ’ಯ ಮಾರ್ಗವೇ ಬೇರೆ. ಅದರಲ್ಲಿ ಶರಣರ ವಚನಗಳೇ ಅವರ ಸಂಭಾಷಣೆಗಳಾಗಿವೆ. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿರಬಹುದಾದ ನುಡಿಗಳು ಒಂದೇ ಸಂವಾದದ ಪ್ರಶ್ನೋತ್ತರಗಳಾಗಿ ನಿಂತಿವೆ.

ಈ ಭೇದವು ಅಕ್ಕಮಹಾದೇವಿಯವರ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ಹರಿಹರನ ರಗಳೆಯಲ್ಲಿ ಅವರು ಕೌಶಿಕನನ್ನು ತೊರೆದು ಶ್ರೀಶೈಲಕ್ಕೆ ನಡೆಯುತ್ತಾರೆ, ಕಲ್ಯಾಣದ ಪ್ರಸಂಗವಿಲ್ಲ. ಶೂನ್ಯಸಂಪಾದನೆಯಲ್ಲಾದರೋ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಪರೀಕ್ಷೆಯನ್ನೆದುರಿಸಿ, ಶರಣರ ಮನ್ನಣೆ ಪಡೆದು, ಆ ಬಳಿಕ ಕದಳಿಗೆ ತೆರಳುತ್ತಾರೆ. ಆದುದರಿಂದ ಆ ಸಂವಾದವನ್ನು ನಡೆದ ಘಟನೆಯ ವರದಿಯೆಂದು ಭಾವಿಸಲಾಗದು. ಹಾಗೆಂದು ಅದು ಹುಸಿಯೂ ಅಲ್ಲ. ಶರಣರ ಅನುಭಾವವನ್ನು ನಂತರದ ತಲೆಮಾರು ಅರ್ಥೈಸಿಕೊಂಡ ಬಗೆಗೆ ಅದೇ ಸಾಕ್ಷಿ.

1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾದ ಮೇಲೆ ವಚನಗಳನ್ನು ಕಥೆಯ ಆವರಣದಿಂದ ಬಿಡಿಸಿ ಓದುವ ದಾರಿ ಸುಗಮವಾಯಿತು. ಕಥನದ ವಚನಕಾರರನ್ನೂ ವಚನದೊಳಗಿನ ವಚನಕಾರರನ್ನೂ ಜೊತೆಗಿರಿಸಿ ತೂಗುವುದೇ ವಿವೇಕಿಗಳಾದ ವಾಚಕರ ಕರ್ತವ್ಯ.