ಬಾಗಿಲು ತಟ್ಟಿದ ರಾತ್ರಿ

ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮಗಳು, ನರ್ಸಿಂಗ್ ಓದುತ್ತೇನೆಂದಳು. "ರಾತ್ರಿ ಪಾಳಿ, ಕಂಡವರ ಬೆಡ್‌ಪ್ಯಾನ್, ನಿನಗೇಕಮ್ಮ?" ಎಂದು ನಾನು ಗದರಿದೆ. ನಮ್ಮತ್ತೆ ಮಾತ್ರ, "ದೇವರ ಕರೆಯಿದ್ದರೆ ತಡೆಯಬೇಡ. ವೆಲ್ಲೂರಿನ ಐಡಾಮ್ಮನ ಕಥೆ ಮರೆತೆಯಾ?" ಎಂದರು.

ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ತಾತ, ತಂದೆ ಇಬ್ಬರೂ ಮಿಷನರಿ ವೈದ್ಯರು. ಆಕೆಗೆ ಮಾತ್ರ ಆ ಬದುಕು ಬೇಡವಾಗಿತ್ತು. ಅಮೆರಿಕದಲ್ಲಿ ಓದಿ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲೆಂದಷ್ಟೇ ತಿಂಡಿವನಕ್ಕೆ ಬಂದಿದ್ದರು. ಒಂದು ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಾಗಿಲು ತಟ್ಟಿದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ತಂದೆಯವರು ಬರುತ್ತಾರೆಂದರೆ, ಗಂಡಸು ವೈದ್ಯ ಬೇಡವೆಂದು ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಆ ಸಾವುಗಳಲ್ಲಿ ಐಡಾ ದೇವರ ಕರೆಯನ್ನು ಕೇಳಿದರು. 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯ ಪದವಿ ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು. ತಾವೊಬ್ಬರೇ ಎಷ್ಟು ಬಾಗಿಲಿಗೆ ಹೋದಾರು? 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು.

ನಮ್ಮತ್ತೆಗೆ ಆಪರೇಷನ್ ಆದದ್ದು ಅದೇ ವೆಲ್ಲೂರಿನಲ್ಲಿ. ರಾತ್ರಿಯಿಡೀ ಅವರ ಪಕ್ಕದಲ್ಲಿ ನಿಂತವಳು ಯಾರದೋ ಮಗಳು. ಅವಳ ತಾಯಿಯೂ ನನ್ನಂತೆಯೇ ಗದರಿ ತಡೆದಿದ್ದರೆ?

ಮರುದಿನ ಅರ್ಜಿಗೆ ನಾನೇ ಸಹಿ ಹಾಕಿದೆ.