ದುಬೈ ಸಂಬಳವನ್ನು 24ರಿಂದ ಗುಣಿಸುವ ಮೊದಲು: ಹೊಸಪೇಟೆಯ ಕುಟುಂಬಕ್ಕೊಂದು ಖರ್ಚಿನ ಲೆಕ್ಕ

ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ, ಸಂಡೂರಿನ ದೋಣಿಮಲೈ ಗಣಿ. ಈ ಎರಡರ ಸುತ್ತ ಕೆಲಸ ಕಲಿತ ಫಿಟ್ಟರ್, ವೆಲ್ಡರ್, ಇಂಜಿನಿಯರ್‌ಗಳಿಗೆ ಕೊಲ್ಲಿ ದೇಶಗಳಿಂದ ಆಫರ್ ಬರೋದು ಹೊಸದೇನಲ್ಲ. ಆದರೆ ಈಚೆಗೆ ನನ್ನನ್ನು ಕೇಳುವವರ ಪ್ರಶ್ನೆ ಬದಲಾಗಿದೆ. ಮೊದಲು ‘ಹೋಗಲೋ ಬೇಡವೋ’ ಅಂತಿದ್ದರು. ಈಗ ‘ಹೆಂಡತಿ ಮಕ್ಕಳನ್ನೂ ಕರ್ಕೊಂಡು ಹೋಗ್ಬೇಕು, ಎಷ್ಟು ಬೇಕು?’ ಅಂತಾರೆ. ನಾನೂ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಎಕ್ಸೆಲ್ ಶೀಟ್ ತೆರೆಯದೆ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಆ ಶೀಟನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹತ್ತು ವರ್ಷ ಅನುಭವವಿರುವ ಮೆಕ್ಯಾನಿಕಲ್ ಇಂಜಿನಿಯರ್, ಇಲ್ಲಿ ತಿಂಗಳಿಗೆ 75 ಸಾವಿರ ಸಂಬಳ. ದುಬೈನಿಂದ 10,000 ದಿರ್ಹಮ್ ಆಫರ್ ಬಂದಿದೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ದಿರ್ಹಮ್‌ಗೆ 24 ರೂಪಾಯಿ ಅಂತ ಹಿಡಿದರೆ 2.4 ಲಕ್ಷ. ಅದಕ್ಕೆ ಆದಾಯ ತೆರಿಗೆಯೂ ಇಲ್ಲ. ಮನೆಯಲ್ಲಿ ಮಾವ ಹೇಳೋದು ಒಂದೇ ಮಾತು: “ಮೂರು ಪಟ್ಟು ಐತಲ್ಲಪ್ಪ, ಇನ್ನೇನು ಯೋಚ್ನೆ?”

ಯೋಚನೆ ಬಾಡಿಗೆಯದು. ನಮ್ಮಲ್ಲಿ ಮುಂಗಡ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ. ದುಬೈನಲ್ಲಿ ಬಾಡಿಗೆ ಮಾತಾಡುವುದು ವರ್ಷದ ಲೆಕ್ಕದಲ್ಲಿ, ಕೊಡುವುದು ಮುಂದಿನ ದಿನಾಂಕದ ಚೆಕ್‌ಗಳಲ್ಲಿ. ಕೆಲವು ಮಾಲೀಕರು ನಾಲ್ಕು ಚೆಕ್ ಒಪ್ಪುತ್ತಾರೆ, ಕೆಲವರು ಎರಡು, ಕೆಲವರು ಒಂದೇ ಕೇಳುತ್ತಾರೆ. ಒಂದು ಬೆಡ್‌ರೂಮಿನ ಸಾಧಾರಣ ಫ್ಲ್ಯಾಟ್‌ಗೆ ವರ್ಷಕ್ಕೆ 60,000 ದಿರ್ಹಮ್ ಅಂತ ಹಿಡಿಯಿರಿ. ನಾಲ್ಕು ಚೆಕ್ ಆದರೆ ಮೊದಲನೆಯದು 15,000. ಡೆಪಾಸಿಟ್ ಸಾಮಾನ್ಯವಾಗಿ ಶೇ 5, ಅಂದರೆ 3,000. ಏಜೆಂಟ್ ಕಮಿಷನ್ ಶೇ 5, ಅದರ ಮೇಲೆ ವ್ಯಾಟ್ ಸೇರಿ 3,150. ಕರೆಂಟು-ನೀರಿನ ದೇವಾ ಸಂಪರ್ಕಕ್ಕೆ ಫ್ಲ್ಯಾಟ್ ಆದರೆ 2,000 ಡೆಪಾಸಿಟ್. ಬಾಡಿಗೆ ಕರಾರು ನೋಂದಾಯಿಸುವ ‘ಇಜಾರಿ’ಗೆ ಸುಮಾರು 220. ಒಟ್ಟು 23,370 ದಿರ್ಹಮ್. ನಮ್ಮ ದುಡ್ಡಲ್ಲಿ 5.6 ಲಕ್ಷ. ಮಾಲೀಕ ಒಂದೇ ಚೆಕ್ ಕೇಳಿದರೆ ಇದೇ ಲೆಕ್ಕ 16.4 ಲಕ್ಷಕ್ಕೆ ಏರುತ್ತದೆ. ಚಾಪೆ, ಹಾಸಿಗೆ, ಕುಕ್ಕರ್ ಇನ್ನೂ ಕೊಂಡಿಲ್ಲ, ಮೊದಲ ಸಂಬಳವೂ ಕೈಗೆ ಬಂದಿಲ್ಲ.

ಇಷ್ಟು ದುಡ್ಡು ಎಲ್ಲಿಂದ ಬರುತ್ತದೆ? ನಮ್ಮ ಕಡೆ ಉತ್ತರ ಗೊತ್ತೇ ಇದೆ: ಹೆಂಡತಿಯ ಬಂಗಾರ. ಬಂಗಾರದ ಸಾಲದ ಬಡ್ಡಿಯನ್ನು ತಿಂಗಳ ಖರ್ಚಿನ ಪಟ್ಟಿಯಲ್ಲಿ ಬರೆದವರನ್ನು ನಾನು ಇನ್ನೂ ನೋಡಿಲ್ಲ.

ಈಗ ತಿಂಗಳ ಖರ್ಚು. ಬಾಡಿಗೆಯ ಪಾಲು 5,000. ವಾರ್ಷಿಕ ಬಾಡಿಗೆಯ ಶೇ 5ರಷ್ಟನ್ನು ನಗರಪಾಲಿಕೆಯ ಶುಲ್ಕವಾಗಿ ಕರೆಂಟ್ ಬಿಲ್ಲಿನಲ್ಲೇ ಕಂತು ಕಂತಾಗಿ ವಸೂಲಿ ಮಾಡುತ್ತಾರೆ, ಅದು 250. ಕರೆಂಟು, ನೀರು 500; ಬೇಸಿಗೆಯಲ್ಲಿ ಎಸಿ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ಇದು ವರ್ಷದ ಸರಾಸರಿ. ಕಡಿಮೆ ಶುಲ್ಕದ ಸಿಬಿಎಸ್‌ಇ ಶಾಲೆಯಲ್ಲಿ ಇಬ್ಬರು ಮಕ್ಕಳ ಫೀಸು, ಬಸ್ಸು ಸೇರಿ 1,800. ದಿನಸಿ, ತರಕಾರಿ, ಹಾಲು 1,500. ಫೋನು, ಇಂಟರ್ನೆಟ್ 450. ಮೆಟ್ರೊ, ಬಸ್ಸಿಗೆ 500. ಕೂಡಿಸಿ ನೋಡಿ. ಸರಿಯಾಗಿ 10,000.

ಉಳಿದದ್ದು ಸೊನ್ನೆ. ಇವು ನಾನು ಹಿಡಿದ ಅಂದಾಜುಗಳು, ನಿಮ್ಮ ಬಾಡಿಗೆ, ನಿಮ್ಮ ಶಾಲೆಯ ಅಂಕಿ ಹಾಕಿ ತಿದ್ದಿಕೊಳ್ಳಿ. ಆದರೆ ಪಟ್ಟಿಯಲ್ಲಿ ಇನ್ನೂ ಸೇರದ ಬಾಬತ್ತುಗಳಿವೆ. ದುಬೈನಲ್ಲಿ ನೌಕರನ ಆರೋಗ್ಯ ವಿಮೆ ಕಂಪನಿಯ ಹೊಣೆ, ಹೆಂಡತಿ ಮಕ್ಕಳದ್ದು ಕರೆಸಿಕೊಂಡವನ ಹೊಣೆ. ಕುಟುಂಬದ ವೀಸಾ ಶುಲ್ಕ, ಅದರ ನವೀಕರಣವೂ ನಿಮ್ಮದೇ. ರಜೆಗೆ ಊರಿಗೆ ಬರುವ ನಾಲ್ಕು ಟಿಕೆಟ್ ಬೇರೆ. ಇದೇ ಮನುಷ್ಯ ಒಬ್ಬನೇ ಹೋಗಿ, ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಸಂಬಳ ಊರಿಗೆ ಕಳಿಸಬಲ್ಲ. ಕುಟುಂಬ ಜೊತೆಗಿರುವುದಕ್ಕೆ ಬೆಲೆ ಕಟ್ಟಲಾಗದು ಅನ್ನುವುದು ನಿಜ, ಆದರೆ ದುಬೈ ಕಟ್ಟುತ್ತದೆ.

ಹಾಗಾಗಿ ಆಫರ್ ಲೆಟರಿನಲ್ಲಿ ಒಟ್ಟು ಮೊತ್ತಕ್ಕಿಂತ ಅದರ ಬಿಡಿ ಬಿಡಿ ಸಾಲುಗಳನ್ನು ಓದಿ. ಮನೆ ಕಂಪನಿಯದ್ದೇ? ಮಕ್ಕಳ ಫೀಸು, ವರ್ಷದ ಟಿಕೆಟ್ ಕೊಡುತ್ತಾರೆಯೇ? ಮೂಲ ವೇತನ ಎಷ್ಟು? ಅಲ್ಲಿನ ಕಾನೂನಿನ ಪ್ರಕಾರ ಗ್ರಾಚ್ಯುಟಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಆಮೇಲೆ 30 ದಿನದ್ದು. 10,000ದಲ್ಲಿ ಮೂಲ ವೇತನ 4,000 ಮಾತ್ರ ಇದ್ದರೆ, ಬಿಟ್ಟು ಬರುವಾಗ ಕೈಗೆ ಬರುವುದೂ ಅಷ್ಟಕ್ಕೇ. ನೌಕರನ ವೀಸಾ, ನೇಮಕಾತಿ ವೆಚ್ಚವನ್ನು ಕಂಪನಿಯೇ ಭರಿಸಬೇಕೆಂದು 2021ರ ಯುಎಇ ಕಾರ್ಮಿಕ ಕಾನೂನು ಹೇಳುತ್ತದೆ. ನಮ್ಮ ಕಡೆಯ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಒಂದೂವರೆ ಲಕ್ಷ ‘ವೀಸಾ ಖರ್ಚು’ ಕೇಳಿದರೆ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರು ಇದೆಯೇ ನೋಡಿ, ಆಮೇಲೆ ಮಾತಾಡಿ.

ಕೆನಡಾದ ಲೆಕ್ಕ ಬೇರೆಯದೇ. ಅಲ್ಲಿ ಸರ್ಕಾರಿ ಶಾಲೆ ಉಚಿತ, ಆದರೆ ಒಳಗೆ ಬಿಡುವ ಮೊದಲೇ ದುಡ್ಡು ತೋರಿಸಬೇಕು. ಅಲ್ಲಿಂದ ಕೆಲಸದ ಆಫರ್ ಇಲ್ಲದೆ ಎಕ್ಸ್‌ಪ್ರೆಸ್ ಎಂಟ್ರಿಯ ನುರಿತ ಕೆಲಸಗಾರರ ದಾರಿಯಲ್ಲಿ ಅರ್ಜಿ ಹಾಕುವ ನಾಲ್ವರ ಕುಟುಂಬಕ್ಕೆ 2025ರ ಜುಲೈನಲ್ಲಿ ನಿಗದಿಯಾದ ಮೊತ್ತ 28,362 ಕೆನಡಾ ಡಾಲರ್. 65 ರೂಪಾಯಿಯ ದರದಲ್ಲಿ 18.4 ಲಕ್ಷ. ಇದು ಕೈಗಡ ತಂದು ತೋರಿಸುವ ದುಡ್ಡಲ್ಲ. ಹಿಂದಿನ ಆರು ತಿಂಗಳ ಸರಾಸರಿ ಬ್ಯಾಲೆನ್ಸನ್ನು ಬ್ಯಾಂಕ್ ಬರೆದುಕೊಡಬೇಕು. ಮನೆ, ಹೊಲದ ಬೆಲೆಯನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಂಪಿಯಲ್ಲಿ ಗೆಸ್ಟ್‌ಹೌಸ್ ನಡೆಸುವವರಿಗೆ ಇಲ್ಲೇ ತೊಡಕು. ಸೀಸನ್ನಿನಲ್ಲಿ ನಗದಾಗಿ ಬರುವ ಆದಾಯ ಪಾಸ್‌ಬುಕ್ಕಿನಲ್ಲಿ ಕಾಣಿಸುವುದೇ ಇಲ್ಲ.

ಆ ಹಣವನ್ನು ಕಳಿಸುವಾಗ ಇನ್ನೊಂದು ಬಾಬತ್ತು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗಿನ ರವಾನೆಗೆ ಟಿಸಿಎಸ್ ಇಲ್ಲ. ಓದು, ಚಿಕಿತ್ಸೆಯಲ್ಲದ ಇಂಥ ಉದ್ದೇಶಕ್ಕೆ ಅದರ ಮೇಲಿನದಕ್ಕೆ ಶೇ 20 ಹಿಡಿಯುತ್ತಾರೆ. ಗಂಡನೊಬ್ಬನ ಹೆಸರಲ್ಲೇ 18.4 ಲಕ್ಷ ಕಳಿಸಿದರೆ 1.68 ಲಕ್ಷ ಸಿಕ್ಕಿಕೊಳ್ಳುತ್ತದೆ. ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು, ಆದರೆ ಬೇಕಾದಾಗ ಕೈಯಲ್ಲಿರುವುದಿಲ್ಲ. ಹೆಂಡತಿಗೆ ಸ್ವಂತ ಉಳಿತಾಯವಿದ್ದರೆ ಅವರ ಪಾಲನ್ನು ಅವರ ಖಾತೆಯಿಂದಲೇ ಕಳಿಸಿ, ಮಿತಿ ತಲಾ ಒಬ್ಬರಿಗೆ.

ಕಂಪ್ಲಿ ಕಡೆಯವರು ನನ್ನ ಹತ್ತಿರ ಕೇಳುವುದು ಹೊಲದ ವಿಷಯ. ನದಿ ಕಾಲುವೆಯ ಭತ್ತದ ಗದ್ದೆ, ಬಾಳೆ ತೋಟ. ‘ಎರಡು ಎಕರೆ ಮಾರಿ ಹೋಗ್ತೀವಿ, ದುಡ್ಡು ಬಂದ ಮೇಲೆ ನಾಲ್ಕು ಎಕರೆ ತಗೊಂಡ್ರಾಯ್ತು’ ಅಂತಾರೆ. ಆಗುವುದಿಲ್ಲ. ವಿದೇಶದಲ್ಲಿ ನೆಲೆಸಿ ಅನಿವಾಸಿಯಾದ ಮೇಲೆ, ಫೆಮಾ ನಿಯಮದ ಪ್ರಕಾರ ಕೃಷಿ ಭೂಮಿ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು, ಮಾರಲೂಬಹುದು. ಕೊಳ್ಳುವುದಕ್ಕೆ ಮಾತ್ರ ಇಲ್ಲಿಗೇ ವಾಪಸ್ ಬಂದು ನೆಲೆಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋದಾಗಿನಿಂದ ಹೊಲ ಮಾರುವ ಮಾತು ಹೆಚ್ಚು ಕೇಳುತ್ತಿದ್ದೇನೆ. ಬೆಳೆಯ ಭಯ ನನಗೂ ಅರ್ಥವಾಗುತ್ತದೆ, ಆದರೆ ಈ ಬಾಗಿಲು ಒಂದೇ ಕಡೆಗೆ ತೆರೆಯುವಂಥದ್ದು.

ಮಾರಲೇಬೇಕು ಅಂದರೆ ದೂರ ಅಳೆಸಿ. ಪುರಸಭೆ, ನಗರಸಭೆಯ ಗಡಿಯೊಳಗಿನ ಹೊಲಕ್ಕೆ ಬಂಡವಾಳ ಲಾಭದ ತೆರಿಗೆ ಇದ್ದೇ ಇದೆ. ಗಡಿಯ ಹೊರಗೆ, ಜನಸಂಖ್ಯೆ ಒಂದು ಲಕ್ಷದೊಳಗಿನ ಕಂಪ್ಲಿಯಂಥ ಊರಾದರೆ 2 ಕಿಲೋಮೀಟರ್, ಎರಡು ಲಕ್ಷದ ಹೊಸಪೇಟೆಯಾದರೆ 6 ಕಿಲೋಮೀಟರ್ ದಾಟಿದ ಕೃಷಿ ಭೂಮಿಗೆ ಆ ತೆರಿಗೆ ಇಲ್ಲ. ಅಳತೆ ನೇರ ಗೆರೆಯದ್ದು, ರಸ್ತೆಯದ್ದಲ್ಲ. ಉಳಿಸಿಕೊಳ್ಳುವುದಾದರೆ ಅಣ್ಣ ತಮ್ಮನಿಗೋ ಅಪ್ಪನಿಗೋ ಅಧಿಕಾರ ಪತ್ರವನ್ನು ಹೋಗುವ ಮುಂಚೆಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಅಲ್ಲಿಂದ ಮಾಡಿಸುವುದಾದರೆ ಭಾರತೀಯ ಕಾನ್ಸುಲೇಟ್‌ಗೆ ಅಲೆಯಬೇಕಾಗುತ್ತದೆ.

ಊರಿನ ಖರ್ಚಿಗೆ ಬೇರೆಯೇ ಒಂದು ಕಾಲಂ ಇರಲಿ: ಅಪ್ಪ ಅಮ್ಮನ ಔಷಧಿ, ಮನೆ ಸಾಲದ ಕಂತು, ಚೀಟಿ, ತಂಗಿಯ ಮದುವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಹೊಸಪೇಟೆ, ಸಂಡೂರಿನಲ್ಲಿ ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಆರು ತಿಂಗಳ ಊರಿನ ಕಂತು, ನಾಲ್ಕು ವಾಪಸ್ ಟಿಕೆಟಿನ ದುಡ್ಡು, ಇವೆರಡನ್ನೂ ಮುಟ್ಟದ ಖಾತೆಯಲ್ಲಿ ಇಟ್ಟ ಮೇಲೆಯೇ ರಾಜೀನಾಮೆ ಬರೆಯಿರಿ ಅಂತ ನಾನು ಹೇಳುತ್ತೇನೆ.

ದುಬೈಗೆ ಹೋಗುವವರಿಗೆ ನಾನು ಸೂಚಿಸುವ ಕ್ರಮ ಹೀಗಿದೆ. ಸೆಪ್ಟೆಂಬರ್ ಹೊತ್ತಿಗೆ ಗಂಡ ಒಬ್ಬನೇ ಹೋಗಲಿ. ಪ್ರೊಬೇಷನ್ ಅವಧಿಯನ್ನು ಹಂಚಿಕೊಂಡ ರೂಮಿನಲ್ಲಿ ಕಳೆದು, ಮೊದಲ ಚೆಕ್ಕಿನ ದುಡ್ಡನ್ನು ಅಲ್ಲಿನ ಸಂಬಳದಲ್ಲೇ ಕೂಡಿಡಲಿ. ಪದವಿ, ಮದುವೆಯ ಪ್ರಮಾಣಪತ್ರಗಳನ್ನು ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ದೃಢೀಕರಿಸಬೇಕು. ಹೆಂಡತಿ ಇಲ್ಲಿದ್ದು ಅಷ್ಟರಲ್ಲಿ ಮುಗಿಸಬಹುದು. ಕುಟುಂಬ ವೀಸಾಕ್ಕೆ ಕನಿಷ್ಠ ಸಂಬಳ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಇಲ್ಲಿ ಮಕ್ಕಳ ಟಿಸಿ ಮಾರ್ಚ್ ಕೊನೆಗೆ ಸಿಕ್ಕರೂ ಸೀಟಿಗೆ ಅರ್ಜಿ ಮೊದಲೇ ಹಾಕಿರಬೇಕು.